ಅಣ್ಣಮ್ಮನ ಜೀಪು

ನಡುಗುತ್ತಿದೆ, ಗೇರಿನ ಗುಂಡುತಲೆ ಅಂಗೈಯೊಳಗೆ ನಡುಗುತ್ತಿದೆ, ಆಗಷ್ಟೇ ಹುಟ್ಟಿದ ಮರಿಯನ್ನು ಎತ್ತಿಕೊಂಡರೆ ಅದರ ಹೊಟ್ಟೆ ಹೀಗೇ ನಡುಗುತ್ತದೆ, ಬೆಚ್ಚಗೆ, ಬಿಡುವಿಲ್ಲದೆ — ಅಣ್ಣಮ್ಮಕ್ಕಾ, ಗೇರು ಹಾಕಾದ್ಮೇಲೆ ಆ ಕೈನ ಸ್ಟೇರಿಂಗ್ ಮೇಲೆ ಮಡಗ್ಬೇಕು ಕಣಕ್ಕ, ಎಷ್ಟ್ ಸಲ ಹೇಳ್ಲಿ ಅನ್ನುತ್ತಾನೆ ಪಕ್ಕದ ಸೀಟಿನ ಪರಮೇಶ, ಅರಕಲಗೂಡಿನಲ್ಲಿ ಡ್ರೈವಿಂಗ್ ಸ್ಕೂಲು ಇಟ್ಟುಕೊಂಡು ನನಗೆ ಗಾಡಿ ಕಲಿಸಿದ ಪರಮೇಶ, ಹೇಳಪ್ಪ, ಇನ್ನೂ ಎಷ್ಟು ಸಲ ಬೇಕಾದರೂ ಹೇಳು, ಈ ಕೈ ಇಲ್ಲಿಂದ ಏಳುವುದಿಲ್ಲ, ಈ ನಡುಕ ನನ್ನದು, ಗಾಜಿನ ಮೂಲೆಯಲ್ಲಿ ಅಂಟಿಸಿ ಯಾರೋ ಅರ್ಧ ಕಿತ್ತುಹಾಕಿದ ದೇವರ ಪಟ, ಉಳಿದ ಆ ಒಂದು ಕೈ ಒಂದು ಪಾದ, ಅದೂ ನನ್ನದು, ಸೀಟಿನ ಹರಕಿನಿಂದ ಇಣುಕುವ ನಾರು ನನ್ನದು, ಕಾಲ ಹತ್ತಿರ ತಗಡು ತುಕ್ಕು ತಿಂದು ಆದ ತೂತು ನನ್ನದು, ಆ ತೂತಿನಲ್ಲಿ ಚನ್ನರಾಯಪಟ್ಟಣದ ಡಾಂಬರು ಹಿಂದಕ್ಕೆ ಹಿಂದಕ್ಕೆ ಓಡುತ್ತಿದೆ, ನೋಡಬೇಡಿ ಅಕ್ಕ, ಕೆಳಗೆ ನೋಡಬೇಡಿ, ಮುಂದೆ ನೋಡಿ, ಎಮ್ಮೆ, ಎಮ್ಮೆ — ನೋಡಿದೆ ಬಿಡಪ್ಪ, ಎಮ್ಮೆಯೂ ನನ್ನನ್ನು ನೋಡಿತು, ಐವತ್ತು ದಾಟಿದ ಹೆಂಗಸು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹವಾಯಿ ಚಪ್ಪಲಿ ಬಿಚ್ಚಿ ಸೀಟಿನ ಹಿಂದೆ ಎಸೆದು ಬರಿಗಾಲಲ್ಲಿ ಕ್ಲಚ್ಚು ತುಳಿಯುವವಳು, ನಮ್ಮ ಮನೆಯಲ್ಲಿ ಇಲ್ಲಿಯವರೆಗೆ ಚಕ್ರ ಅಂತ ಇದ್ದದ್ದು ಮಗಳು ವರ್ಷಾ ಹೈಸ್ಕೂಲಿಗೆ ಹೋಗುವಾಗ ಸರ್ಕಾರ ಕೊಟ್ಟ ಸೈಕಲ್ಲು ಒಂದೇ, ಅದೂ ಈಗ ಕೋಳಿಗಳು ಕೂರುವ ಜಾಗ, ಆ ಮನೆಗೆ ಈವತ್ತು ಸಂಜೆಗೆ ಜೀಪು ಬರುತ್ತದೆ, ಜೀಪು, ನಾಲ್ಕು ಚಕ್ರಕ್ಕೂ ಜೀವ ಇರುವ ಜೀಪು, ಅದನ್ನು ಹೊಡೆದುಕೊಂಡು ಬರುವವಳು ನಾನು.

ಬೆಳಿಗ್ಗೆ ಈ ಜೀಪು ಮಾರಿದ ಚನ್ನಬಸವಯ್ಯನವರ ಅಂಗಳದಲ್ಲಿ ಕೊಬ್ಬರಿ ಸುಲಿದ ಸಿಪ್ಪೆಯ ಗುಡ್ಡೆ, ಅದರ ಪಕ್ಕದಲ್ಲಿ ಇದು ನಿಂತಿತ್ತು, ಹಸಿರು ಬಣ್ಣ ಬಿಸಿಲಿಗೆ ಬೂದಿಯಾಗಿ, ಒಂದು ಕಣ್ಣಿನ ದೀಪ ಹೊಸದು ಇನ್ನೊಂದು ಹಳೆಯದು, ಟಾರ್ಪಾಲಿನ ಟಾಪಿಗೆ ತೇಪೆ, ಫೋನಿನಲ್ಲಿ ವರ್ಷಾ ಕಳಿಸಿದ್ದ ಫೋಟೋದಲ್ಲಿ ಇಷ್ಟು ಮುದಿಯಾಗಿ ಕಾಣಿಸಿರಲಿಲ್ಲ, ಆದರೂ ನನ್ನ ಎದೆ ಧಸಕ್ ಅನ್ನಲಿಲ್ಲ, ಹಾರಿತು, ಅಯ್ಯೋ ಬಂದ್ಯಾ ಅಂದಿತು, ಯಾರಿಗೆ ಅಂದಿತೋ. ಆ ಯಜಮಾನರು ಸುಳ್ಳು ಹೇಳಲಿಲ್ಲ, ಬಿಳೀ ಅಂಗಿಯ ತೋಳು ಮಡಚುತ್ತಾ, ಮೀಟ್ರು ಎರಡು ಲಕ್ಷ ಎಂಬತ್ತು ಸಾವಿರ ತೋರಿಸ್ತದೆ, ಆದ್ರೆ ನಡುವೆ ಒಂದಷ್ಟು ಕಾಲ ಕೇಬಲ್ ಕಿತ್ತೋಗಿ ನಿಂತೇ ಓಡಿದೆ, ಅದು ಲೆಕ್ಕಕ್ಕೆ ಬಂದಿಲ್ಲ, ಬೆಳಿಗ್ಗೆ ಹೊತ್ತು ಹೊಗೆ ಉಗುಳ್ತದೆ, ಬ್ರೇಕು ಒಂದು ಸಲಕ್ಕೆ ನಿಲ್ಲಲ್ಲ, ಎರಡು ಸಲ ತುಳೀಬೇಕು ಅಂದರು, ಎಲ್ಲವನ್ನೂ ಪರಮೇಶನಿಗೇ ಹೇಳಿದರು, ನಾನು ಕೇಳಿದ್ದಕ್ಕೂ ಉತ್ತರ ಪರಮೇಶನ ಮುಖಕ್ಕೇ ಹೋಗುತ್ತಿತ್ತು, ನಾನು ಸುಮ್ಮನೆ ಜೀಪಿನ ಸುತ್ತ ಬಂದೆ, ಸಂತೆಯಲ್ಲಿ ಕುರಿ ಕೊಳ್ಳುವಾಗ ಬರುವ ಹಾಗೆ, ಬೆನ್ನು ಸವರಿದೆ, ಪಕ್ಕೆ ತಟ್ಟಿದೆ, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದೆ, ಹನಿ ಹನಿ ಎಣ್ಣೆ, ಬೆರಳಿಗೆ ಹಚ್ಚಿ ಮೂಸಿದೆ, ಅದರಿಂದ ನನಗೇನೂ ತಿಳಿಯಲಿಲ್ಲ, ಆದರೆ ನೋಡುವವರಿಗೆ ತಿಳಿದವಳಂತೆ ಕಂಡಿರಬೇಕು, ಏನಮ್ಮಾ ಹಲ್ಲು ನೋಡಲ್ವಾ ಅಂತ ನಕ್ಕರು ಚನ್ನಬಸವಯ್ಯನವರು, ಬಾಯಿ ತೆಗೀರಿ ನೋಡ್ತೀನಿ ಅಂದೆ, ಬಾನೆಟ್ ಎತ್ತಿದರು, ಒಳಗೆ ಕರ್ರಗೆ ದೊಡ್ಡ ಜೀವ ಒಂದು ಮಲಗಿತ್ತು. ಎರಡು ಲಕ್ಷ ಎಂಬತ್ತು ಸಾವಿರ, ಮೇಲೆ ಲೆಕ್ಕ ತಪ್ಪಿದ್ದು ಬೇರೆ, ನಮ್ಮ ಯಜಮಾನರ ಕಾಲಿಗೆ ಮೀಟ್ರು ಕಟ್ಟಿದ್ದರೆ ಎಷ್ಟು ತೋರಿಸುತ್ತಿತ್ತು, ಬೀರಲಿಂಗಯ್ಯನ ಕಾಲಿಗೆ, ಮಲ್ಲಿಪಟ್ಟಣದಿಂದ ಮಂದೆ ಹೊರಡಿಸಿ ಹೊಲದಿಂದ ಹೊಲಕ್ಕೆ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತಾ ಮಂಡ್ಯದ ಸೀಮೆ ಮುಟ್ಟಿ ತಿರುಗಿ ಬರುತ್ತಿದ್ದ ಆ ಕಾಲಿಗೆ, ಅದೂ ಲೆಕ್ಕಕ್ಕೆ ಬಂದಿಲ್ಲ ಸ್ವಾಮಿ. ಆಮೇಲೆ ಮಾತು ಮುಗಿದು ಕೊಡುವುದು ಕೊಟ್ಟು ರುಜು ಹಾಕಿಯಾದ ಮೇಲೆ ಅವರು ಬೀಗದ ಕೈಯನ್ನು ತೆಗೆದು ಪರಮೇಶನ ಕಡೆಗೆ ಚಾಚಿದರು, ನಾನು ನಡುವೆ ಕೈ ಒಡ್ಡಿದೆ, ಅವರ ಕೈ ಗಾಳಿಯಲ್ಲಿ ಹಾಗೇ ನಿಂತಿತು, ಓಡ್ಸೋರು ಯಾರು ಅಂದರು, ನಾನೇ ಅಂದೆ, ಅವರು ನನ್ನ ಹವಾಯಿ ಚಪ್ಪಲಿಯನ್ನು ನೋಡಿದರು, ನನ್ನ ತೋಳನ್ನು ನೋಡಿದರು, ನಮ್ಮನೆಯವಳೂ ಓಡಿಸ್ತೀನಿ ಅಂತಿದ್ಲು, ನಾನೇ ಬ್ಯಾಡ ಅಂದ್ಬುಟ್ಟೆ ಅಂತ ಮೆಲ್ಲಗೆ ಅಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು, ಬಿಸಿಯಾಗಿತ್ತು, ಅವರ ಜೇಬಿನ ಬಿಸಿ. ಆಮೇಲಿನ ಮಾತೆಲ್ಲ ನನ್ನ ಮುಖಕ್ಕೇ ಬಂತು, ನೋಡಮ್ಮ, ಈ ದೊಡ್ಡ ಲಿವರು ರಸ್ತೆಗೆ, ಈ ಸಣ್ಣದು ರಸ್ತೆ ಇಲ್ಲದ ಕಡೆಗೆ, ಗಾಡಿ ನಿಲ್ಸಿ ಎಳೀಬೇಕು, ಓಡ್ತಾ ಎಳೀಬೇಡ, ಆಗ ನಾಲ್ಕೂ ಚಕ್ರ ಒಟ್ಟಿಗೆ ಎಳೀತವೆ, ಎಲ್ಲಿಗೆ ಬೇಕಾದ್ರೂ ಹತ್ತುತ್ತದೆ, ಮೆಲ್ಲಗೆ ಹತ್ತುತ್ತದೆ ಅಷ್ಟೆ. ಮೆಲ್ಲಗೇ ಸಾಕು ಅಂದೆ. ಆ ಸಣ್ಣ ಲಿವರಿಗೋಸ್ಕರವೇ ನಾನು ಬಂದದ್ದು.

ಚಿಕ್ಕ ಕಾರು ತಗೊಳವ್ವ, ಕಂತಿನ ಮೇಲೆ ಹೊಸದೇ ಬರ್ತದೆ, ಎ.ಸಿ. ಇರ್ತದೆ ಅಂದಳು ವರ್ಷಾ, ಹಾಸನದಲ್ಲಿ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ನನ್ನ ಮಗಳು, ಬುದ್ಧಿವಂತೆ, ಅವಳು ಹೇಳುವುದೆಲ್ಲ ಸರಿ, ಆದರೆ ಅವಳು ಮರೆತಿದ್ದಾಳೆ, ಹಾಸನದ ಆಸ್ಪತ್ರೆಯಲ್ಲಿ ಇವರ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದು ಮನೆಗೆ ಕಳಿಸಿದ ದಿನ ಅವಳೇ ಬಾಡಿಗೆಗೆ ಮಾಡಿ ತಂದದ್ದು ಚಿಕ್ಕ ಕಾರನ್ನು, ಅದರ ಬಾಗಿಲಲ್ಲಿ ಇವರನ್ನು ಇಬ್ಬರು ಹಿಡಿದು ಬಗ್ಗಿಸಿ ಮಡಚಿ ಚೀಲದ ಹಾಗೆ ತುರುಕಿದರು, ತಲೆ ತಾಗಿತು, ಇವರು ನೋವು ಅನ್ನಲಿಲ್ಲ, ಮಲ್ಲಿಪಟ್ಟಣದವರೆಗೂ ಕಣ್ಣು ಬಿಡಲಿಲ್ಲ, ಇಳಿದ ಮೇಲೆ ಇನ್ನು ನನ್ನ ಎಲ್ಲಿಗೂ ಕರೀಬ್ಯಾಡಿ ಅಂದರು. ಒಂದು ಜಾಲಿ ಮುಳ್ಳು ಅಷ್ಟೆ, ಸಕ್ಕರೆ ಕಾಯಿಲೆಯ ಪಾದಕ್ಕೆ ಮುಳ್ಳು ಚುಚ್ಚಿದ್ದು ತಿಳಿಯಲೇ ಇಲ್ಲ, ಮುಳ್ಳಿನ ಮೇಲೆ ಎಷ್ಟು ದಿನ ನಡೆದರೋ, ವಾಸನೆ ಬಂದಾಗ ಹೊತ್ತು ಮೀರಿತ್ತು, ಡಾಕ್ಟರು ಒಳ್ಳೆಯವರು, ಪ್ರಾಣ ಉಳಿಸಿದರು, ಆದರೆ ಆವತ್ತಿನಿಂದ ಎರಡು ಮಳೆಗಾಲ ಕಳೆದವು, ಇವರು ಜಗಲಿ ಇಳಿದಿಲ್ಲ, ಕಂಕುಳ ಕೋಲು ಹಿಡಿದು ಬಚ್ಚಲಿಗೆ ಹೋಗುತ್ತಾರೆ, ಬರುತ್ತಾರೆ, ಕೂರುತ್ತಾರೆ. ಕುರಿಗಳನ್ನು ಸಣ್ಣಯ್ಯನಿಗೆ ಮಾರಿದೆವು, ಇವರ ದಾಯಾದಿ, ಒಟ್ಟಿಗೆ ಮೇಯಿಸಿದವನು, ಮೊದಮೊದಲು ಬಂದು ಕೂತು ಅದು ಈಯ್ತು ಕಣಣ್ಣ, ಇದರ ಕಾಲಿಗೆ ಹುಳ ಬಿದ್ದಿತ್ತು ಕಣಣ್ಣ ಅಂತ ಹೇಳುತ್ತಿದ್ದ, ಇವರು ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು, ಮೂರು ನಾಲ್ಕು ಸಲ ಹಾಗಾದ ಮೇಲೆ ಅವನೂ ಬರುವುದು ಬಿಟ್ಟ. ಆದರೆ ನಾನು ಬಲ್ಲೆ, ಸಂಜೆ ಹೊತ್ತು ಗಾಳಿ ಕುರಿ ಮೇಯುವ ಕಾವಲಿನ ಕಡೆಯಿಂದ ಬೀಸಿದರೆ ಇವರ ಮೂಗು ಅರಳುತ್ತದೆ, ಕುತ್ತಿಗೆ ತಾನಾಗೇ ಆ ದಿಕ್ಕಿಗೆ ತಿರುಗುತ್ತದೆ, ಗಂಡಸು ಹಾಗೆ ಕೂತದ್ದನ್ನು ದಿನಾ ನೋಡುವುದು ಎಂದರೆ, ಬೇಡ, ಈವತ್ತು ಅದು ಬೇಡ. ಆಟೋದವನನ್ನು ಕೇಳಿದ್ದೆ, ಕಾವಲಿಗೆ ಬತ್ತೀಯೇನಪ್ಪ, ಹಳ್ಳ ದಾಟಿಸಬೇಕು, ಆಮೇಲೆ ಏರು, ಅವನು ನಕ್ಕ, ಅಕ್ಕೋ ರಸ್ತೆ ಇರೋ ಕಡೆ ಹೇಳಕ್ಕ. ರಸ್ತೆ ಇಲ್ಲದ ಕಡೆಗೆ ಹೋಗುವ ಗಾಡಿ ಯಾವುದಪ್ಪ ಅಂದೆ ನಾನು, ತಮಾಷೆಗಲ್ಲ, ಅವನು ತಮಾಷೆಗೆ ಅಂದ, ಜೀಪು ತಗೋ. ತಗೊಂಡೆ ನೋಡಯ್ಯ. ಕುರಿ ಮಾರಿದ ದುಡ್ಡು ಬ್ಯಾಂಕಿನಲ್ಲಿ ಮಲಗಿತ್ತು, ಎಬ್ಬಿಸಿದೆ.

ಹೊಳೆ, ಹೊಳೆ ಬಂತು, ಹೇಮಾವತಿ, ಸೇತುವೆಯ ಮೇಲೆ ಜೀಪಿನ ಸದ್ದೇ ಬೇರೆಯಾಯಿತು, ಗಡಗಡ ಅನ್ನುತ್ತಿದ್ದದ್ದು ಗುಂಯ್ ಅಂದಿತು, ಎರಡೂ ಕಡೆಯಿಂದ ಗಾಳಿ ನುಗ್ಗಿ ಸೆರಗು ಪರಮೇಶನ ಮುಖಕ್ಕೆ ಬಡಿಯಿತು, ಅಕ್ಕಾ ಕಣ್ಣು ಕಾಣ್ತಿಲ್ಲ ಅಂದ, ನಿನ್ನ ಕಣ್ಣು ಯಾಕೆ ಬೇಕು, ಓಡಿಸುತ್ತಿರುವವಳು ನಾನು, ಎಷ್ಟು ಸಲ ಬಸ್ಸಿನ ಕಿಟಕಿಯಿಂದ ಈ ನೀರು ನೋಡಿದ್ದೇನೆ, ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿ, ಆಸ್ಪತ್ರೆಯ ಚೀಟಿಗಳ ಚೀಲ ಮಡಿಲಲ್ಲಿ, ಆಗೆಲ್ಲ ನೀರು ನನ್ನನ್ನು ದಾಟಿ ಹೋಗುತ್ತಿತ್ತು, ಈಗ ನಾನು ಅದನ್ನು ದಾಟುತ್ತಿದ್ದೇನೆ. ಮುಗಿಯಿತು ಸೇತುವೆ, ಇಷ್ಟು ಬೇಗ, ಹೊಳೆನರಸೀಪುರದ ಒಳಗೆ ಬಂದೆವು, ಜನ, ತಳ್ಳುಗಾಡಿ, ಸೊಪ್ಪು, ಬೈಕು, ಏರು ರಸ್ತೆಯಲ್ಲಿ ಮುಂದಿನ ಆಟೋ ಗಕ್ಕನೆ ನಿಂತಿತು, ನಾನೂ ತುಳಿದೆ, ಎರಡು ಸಲ ತುಳಿದೆ, ಜೀಪು ಕೆಮ್ಮಿ ಸುಮ್ಮನಾಯಿತು. ಸುಮ್ಮನೆ ಅಂದರೆ ಸುಮ್ಮನೆ. ಹಿಂದೆ ಬಸ್ಸು, ಹಾರ್ನು ನನ್ನ ಬೆನ್ನುಹುರಿಯೊಳಗೆ ಹೊಕ್ಕಿತು, ಬೀಗ ತಿರುಗಿಸಿದೆ, ಕ್ರ್ ಕ್ರ್ ಕ್ರ್, ಮತ್ತೆ ತಿರುಗಿಸಿದೆ, ಜೀಪು ಒಂದು ಗೇಣು ಹಿಂದಕ್ಕೆ ಜಾರಿತು, ಬಸ್ಸಿನವನು ಕೂಗಿದ, ಬೈಕಿನ ಒಬ್ಬ ಪಕ್ಕಕ್ಕೆ ಬಂದು ಕತ್ತು ಬಗ್ಗಿಸಿ ನೋಡಿ, ಮನೇಗೋಗಿ ಮುದ್ದೆ ತಿರುವಮ್ಮೋ ಅಂದ, ಪರಮೇಶ ಬೀಗಕ್ಕೆ ಕೈ ಹಾಕಿದ, ಇಳೀರಿ ಅಕ್ಕ, ಊರು ದಾಟಿಸಿಕೊಡ್ತೀನಿ, ಕೈ ತೆಗಿ ಪರಮೇಶ ಅಂದೆ, ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅವನು ಕೈ ತೆಗೆದ. ಮುದ್ದೆ, ಹೌದು ಕಣಪ್ಪ, ಮುದ್ದೆ ತಿರುವಿದ ತೋಳೇ ಇದು, ಕೂಲಿಯವರಿಗೆಲ್ಲ ಹಂಡೆಯಲ್ಲಿ ಹಿಟ್ಟು ತಿರುವಿದ ತೋಳು, ಅದಕ್ಕೇ ಈ ಮುದಿ ಜೀಪಿನ ಸ್ಟೇರಿಂಗು ನನಗೆ ಭಾರ ಅನ್ನಿಸಿಲ್ಲ, ಹ್ಯಾಂಡ್ ಬ್ರೇಕು ಎಳೆದೆ, ಗೇರು ಬಿಡಿಸಿದೆ, ಕಣ್ಣು ಮುಚ್ಚಿಕೊಂಡೆ, ಒಂದು ಉಸಿರು, ಬೀಗ ತಿರುಗಿಸಿದೆ, ಹತ್ತಿತು, ಹತ್ತಿಕೊಂಡಿತು, ಕರ್ರನೆ ಹೊಗೆ ಬಸ್ಸಿನವನ ಮುಖಕ್ಕೇ ಹೋಗಿರಬೇಕು, ಕ್ಲಚ್ಚು ಬಿಡುತ್ತಾ ಬಿಡುತ್ತಾ ಜೀಪಿನ ಮೂತಿ ಮೇಲಕ್ಕೆದ್ದಿತು, ಏರು ಹತ್ತಿದೆವು, ಬಸ್ಸು ನಮ್ಮನ್ನು ದಾಟುವಾಗ ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತಾ ಸೆಲ್ಯೂಟು ಹೊಡೆದ, ಗೇಲಿಗೋ ನಿಜಕ್ಕೋ, ನಾನೂ ಹೊಡೆದೆ, ಅಕ್ಕಾ ಸ್ಟೇರಿಂಗು, ಸ್ಟೇರಿಂಗು ಬಿಡಬೇಡಿ.

ಅರಕಲಗೂಡಿನಲ್ಲಿ ಪರಮೇಶ ಇಳಿದ, ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿದೆವು, ವರ್ಷಾಳಿಗೆ ಫೋನು ಹಚ್ಚಿಕೊಟ್ಟ, ಅವ್ವಾ ಬಂದ್ಯಾ, ಎಲ್ಲೂ ಗುದ್ದಿಲ್ಲ ತಾನೆ, ಅಪ್ಪಂಗೆ ಹೇಳಿದ್ಯಾ, ಇಲ್ಲ ಕಣೆ, ಹೇಳಿಲ್ಲ, ಸಂತೆಗೆ ಹೋಗಿ ಬತ್ತೀನಿ ಅಂದು ಬಂದಿದೀನಿ, ಬೈದ್ರೆ, ಬೈಲಿ, ಬೈದು ಎಷ್ಟು ದಿನ ಆಯಿತು, ಬೈದರೂ ಹಬ್ಬವೇ, ಅವ್ವಾ ಅಪ್ಪ ಹತ್ತದೇ ಇದ್ರೆ ಏನು ಮಾಡ್ತೀಯ. ಅದೊಂದು ಮಾತನ್ನು ಅವಳು ಕೇಳಬಾರದಿತ್ತು. ಹತ್ತದೇ ಇದ್ದರೆ, ಅಂಗಳದಲ್ಲಿ ನಿಲ್ಲಿಸಿದ ಜೀಪು, ಅದರ ಮೇಲೂ ಕೋಳಿ, ಜಗಲಿಯಿಂದ ಅದನ್ನು ನೋಡುವ ಇವರು, ಇವರನ್ನು ನೋಡುವ ನಾನು, ಇಲ್ಲ, ಪರಮೇಶಾ ಟೀ ದುಡ್ಡು ನೀನೇ ಕೊಡು, ಹೊತ್ತು ಇಳಿಯೋದ್ರೊಳಗೆ ಹೋಗಬೇಕು. ಒಬ್ಬರೇ ಹೋಗ್ತೀರಾ ಅಂದ, ಬಾಗಿಲು ಹಿಡಿದುಕೊಂಡೇ ಇದ್ದ, ನಿಧಾನಕ್ಕೆ ಹೋಗಿ ಅಕ್ಕ, ತಿರುವಲ್ಲಿ ಹಾರ್ನು ಹೊಡೀರಿ. ಆಮೇಲೆ ಪಕ್ಕದ ಸೀಟು ಖಾಲಿ. ಒಬ್ಬಳೇ. ಮಲ್ಲಿಪಟ್ಟಣದ ರಸ್ತೆ, ಹುಟ್ಟಿದಾರಭ್ಯ ನಡೆದ ರಸ್ತೆ, ಎರಡೂ ಕಡೆ ಹೊಗೆಸೊಪ್ಪು, ಶುಂಠಿ, ಜೋಳ, ಈ ಎತ್ತರದಿಂದ ಬೇಲಿಯ ಆಚೆಯೂ ಕಾಣುತ್ತದೆ, ಯಾರ ಹೊಲದಲ್ಲಿ ಏನಿದೆ ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ, ಅಲ್ಲೊಂದು ಬಾವಿ, ಇಲ್ಲೊಂದು ಹೂವಿನ ಮಡಿ, ಹಾರ್ನು ಹೊಡೆದೆ, ತಿರುವು ಇಲ್ಲದಿದ್ದರೂ ಹೊಡೆದೆ, ಪೋಂ, ಒಂದು ಕೊಕ್ಕರೆ ಎದ್ದಿತು, ಪೋಂ, ಬಾಯಿ ತೆರೆದು ಕೂಗಿದೆ, ಏನಂತ ಕೂಗಿದೆ, ಏನೂ ಇಲ್ಲ, ಓ ಅಂತ ಅಷ್ಟೆ, ಎಂಜಿನ್ನಿನ ಸದ್ದಿನೊಳಗೆ ನನ್ನ ಕೂಗು ನನಗೊಬ್ಬಳಿಗೇ ಕೇಳಿತು, ಮದುವೆಯಾದ ಮೇಲೆ ಹಾಗೆ ಕೂಗಿರಲಿಲ್ಲ, ಮೊದಲೂ ಕೂಗಿದ್ದೆನೋ ಇಲ್ಲವೋ.

ಇವರು ಜಗಲಿಯಲ್ಲೇ ಇದ್ದರು, ಕಂಬಕ್ಕೆ ಒರಗಿ, ನಾನು ಬೀದಿ ತಿರುಗಿದಾಗ ಯಾರದೋ ಗಾಡಿ ಅಂತ ಮುಖ ಆಚೆ ಮಾಡಿದರು, ಅಂಗಳಕ್ಕೇ ನುಗ್ಗಿದ ಮೇಲೆ ಈಚೆ ನೋಡಿದರು, ಮೊದಲು ಟೈರು ನೋಡಿದರು, ಆಮೇಲೆ ನಿಧಾನಕ್ಕೆ ಮೇಲೆ, ಮೇಲೆ, ನನ್ನ ಮುಖ. ಯಾರ್ದೇ ಇದು. ನಮ್ದು. ಸಂತೇಗೋಯ್ತೀನಿ ಅಂದಿದ್ದೆ. ಸಂತೇಲೇ ತಂದೆ. ಬೇಲಿಯಾಚೆ ಜನ ಸೇರುತ್ತಿದ್ದಾರೆ, ಕಿಸಿಕಿಸಿ, ಅಣ್ಣಮ್ಮ ಕಣ್ಲಾ, ಅಣ್ಣಮ್ಮನೇ ಹೊಡ್ಕಂಡು ಬಂದ್ಲು, ಇವರ ಹಣೆಯ ನರ ಎದ್ದಿತು, ಕುರಿ ಮಾರಿದ್ ದುಡ್ಡು ತಾನೆ, ನನ್ ಕುರಿ ಮಾರಿ ಕಬ್ಣ ತಂದ್ಯಾ ಅಂದರು, ಬೈಗುಳ ಬರಲಿ ಅಂತ ಕಾದೆ, ಬರಲಿಲ್ಲ, ಗೋಡೆಯ ಕಡೆ ತಿರುಗಿದರು, ಅಯ್ಯೋ ಅದೊಂದನ್ನು ಮಾಡಬೇಡಿ, ಬೈಯಿರಿ, ಕೋಲು ಎಸೆಯಿರಿ, ಆ ಗೋಡೆ ಬೇಡ — ಎಂಜಿನ್ನು ಗಡಗಡ ಅನ್ನುತ್ತಲೇ ಇತ್ತು, ನಾನು ಸೀಟು ಬಿಟ್ಟು ಇಳಿದಿರಲಿಲ್ಲ, ಇಳಿದರೆ ಎಲ್ಲ ಮುಗಿಯುತ್ತದೆ ಅನ್ನಿಸಿತು. ಆಪ್ ಮಾಡೇ ಅದ್ನ, ಎಣ್ಣೆ ಸುಡ್ತದೆ ಅಂದರು ಗೋಡೆಗೆ. ಆಪ್ ಮಾಡಿದ್ರೆ ತಿರ್ಗಾ ಹತ್ಕಳುತ್ತೋ ಇಲ್ವೋ ಗೊತ್ತಿಲ್ಲ, ಸುಡೋದ್ರೊಳಗೆ ಬನ್ನಿ. ಎಲ್ಲಿಗೆ. ಕಾವಲಿಗೆ. ಅವರ ಬೆನ್ನು ಅಲುಗಾಡಲಿಲ್ಲ, ಕುತ್ತಿಗೆ ಮಾತ್ರ ಅಲುಗಿತು. ಕಾವಲಿಗೆ ಗಾಡಿ ಓಗಲ್ಲ ಕಣೆ, ಹಳ್ಳದಾಗೆ ಹೂತ್ಕತದೆ. ಹೂತ್ಕಂಡ್ರೆ ಬೈವಿರಂತೆ, ಈಗ ಬನ್ನಿ. ನಾನು ಇಳಿದು ಹೋಗಿ ಕೈ ಕೊಡಲಿಲ್ಲ, ಕೊಟ್ಟಿದ್ದರೆ ಬರುತ್ತಿರಲಿಲ್ಲ, ಅದು ನನಗೆ ಗೊತ್ತು, ಎಡಗಡೆಯ ಬಾಗಿಲು ತಳ್ಳಿ ತೆರೆದು ಮುಂದೆ ನೋಡುತ್ತಾ ಕೂತೆ, ಗಾಜಿನಲ್ಲಿ ಹುಣಸೆ ಮರ, ಮರದಲ್ಲಿ ಅಳಿಲು, ಡೀಸೆಲ್ಲು ಸುಡುತ್ತಿದೆ, ಸುಡಲಿ, ಆಮೇಲೆ ಕೇಳಿಸಿತು, ಕೋಲು ಜಗಲಿಗೆ ತಾಗಿದ ಟಕ್, ಅಂಗಳದ ಮಣ್ಣಿನಲ್ಲಿ ಕೋಲಿನ ಮೆತ್ತನೆ ಸದ್ದು, ಇವರು ಬಂದರು, ನಿಂತರು, ಒಳಗಿನ ಕಂಬಿಯನ್ನು ನೋಡಿದರು, ಬಲಗಾಲು ಒಳಗಿಟ್ಟರು, ಎರಡೂ ಕೈಯಲ್ಲಿ ಕಂಬಿ ಹಿಡಿದು ಎಳೆದುಕೊಂಡರು, ಸೊಪ್ಪು ಕಡಿಯಲು ಮರ ಹತ್ತುತ್ತಿದ್ದ ಆ ಎರಡು ತೋಳು, ಅವು ಮರೆತಿರಲಿಲ್ಲ, ಒಂದೇ ಎಳೆತ, ಧಪ್ ಅಂತ ಕೂತರು, ಯಾರೂ ಬಗ್ಗಿಸಲಿಲ್ಲ, ಯಾರೂ ಮಡಚಲಿಲ್ಲ, ತಲೆ ಎಲ್ಲೂ ತಾಗಲಿಲ್ಲ, ಕೋಲನ್ನು ತಾವೇ ಹಿಂದಕ್ಕೆ ಎಸೆದು, ನಡಿ ಮತ್ತೆ, ಏನ್ ನೋಡ್ತೀಯ ಅಂದರು.

ನಾನು ಅಳಲಿಲ್ಲ, ಕಣ್ಣಿಗೆ ಹೊಗೆ ಹೋಗಿತ್ತು, ಊರು ದಾಟಿದೆವು, ಡಾಂಬರು ಮುಗಿಯಿತು, ಮಣ್ಣಿನ ದಾರಿಯೂ ಮುಗಿಯಿತು, ಬರೀ ಗಾಡಿಯ ಜಾಡು, ಇವರು ಕಂಬಿಯನ್ನು ಬಿಟ್ಟಿಲ್ಲ, ಬೆರಳ ಗೆಣ್ಣು ಬೆಳ್ಳಗಾಗಿದೆ, ಹೆದರಿದ್ದಾರೆ, ಇಡೀ ರಾತ್ರಿ ತೋಳಕ್ಕೆ ಹೆದರದವರು ನಾನು ಗಾಡಿ ಓಡಿಸುವುದಕ್ಕೆ ಹೆದರಿದ್ದಾರೆ, ನಗು ಬಂತು, ಯಾಕ್ ನಗ್ತೀಯ, ಏನಿಲ್ಲ, ಮುಂದೆ ನೋಡ್ಕಂಡು ಓಡ್ಸು. ಹಳ್ಳ. ನೀರು ಅಷ್ಟಿಲ್ಲ, ಮೊಣಕಾಲಿಗೂ ಇಲ್ಲ, ಆದರೆ ಆಚೆ ದಡ ಕೆಂಪು ಕೆಸರು, ಸಣ್ಣಯ್ಯನ ಮಂದೆ ಬೆಳಿಗ್ಗೆ ದಾಟಿರಬೇಕು, ಗೊರಸಿನ ಗುರುತು ತುಂಬ, ಇವರು ಬಗ್ಗಿ ಆ ಗುರುತುಗಳನ್ನೇ ನೋಡಿದರು, ನಾನು ಇಳಿಸಿದೆ, ನೀರು ಆ ತಗಡಿನ ತೂತಿನಿಂದ ಚಿಮ್ಮಿ ನನ್ನ ಪಾದಕ್ಕೆ ಬಿತ್ತು, ತಣ್ಣಗೆ, ಮೂತಿ ಆಚೆ ದಡಕ್ಕೆ ಏರಿತು, ಹಿಂದಿನ ಚಕ್ರ ರೊಂಯ್ ಅಂತ ಸುಮ್ಮನೆ ತಿರುಗಿತು, ಕೆಸರು ಹಾರಿತು, ನಿಂತೆವು, ಹೂತುಕೊಂಡೆವು. ಹೇಳಲಿಲ್ವೇನೇ ನಾನು ಅಂತ ಇವರು ಕೂಗಿದರು, ಹೇಳಿದ್ನೋ ಇಲ್ವೋ, ಮೂದೇವಿ, ಕೆಟ್ಟವಳೇ, ಯಾರ ಮಾತು ಕೇಳ್ತೀಯ ನೀನು, ಬೈದರು, ಬೈದರಪ್ಪಾ, ಎರಡು ಮಳೆಗಾಲದ ಬೈಗುಳವೆಲ್ಲ ಒಟ್ಟಿಗೆ ಬಂತು, ಬೈತಾ ಇರಿ ಅಂದೆ, ಸಣ್ಣ ಲಿವರು, ಗಾಡಿ ನಿಂತಿದೆ, ನಿಂತಾಗಲೇ ಎಳೆಯಬೇಕು, ಕ್ಲಚ್ಚು ತುಳಿದು ಎಳೆದೆ, ಬರಲಿಲ್ಲ, ಎರಡೂ ಕೈಯಲ್ಲಿ ಎಳೆದೆ, ಬಿಗಿದುಕೊಂಡಿತ್ತು, ಇವರು ಬೈಯುವುದು ನಿಲ್ಲಿಸಿದರು, ಏನದು ಅಂದರು, ಇದು ರಸ್ತೆ ಇಲ್ಲದ ಕಡೆಗೆ ಅಂದೆ, ಇವರ ಕೈ ಕಂಬಿ ಬಿಟ್ಟು ಬಂದು ನನ್ನ ಕೈಯ ಮೇಲೆ ಕೂತಿತು, ಒರಟು ಕೈ, ಇಬ್ಬರೂ ಎಳೆದೆವು, ಟಣ್ ಅಂತ ಒಳಗೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಸಿಕ್ಕಿತು, ಕ್ಲಚ್ಚು ಬಿಟ್ಟೆ, ಉಗುರಿನಷ್ಟು ಉಗುರಿನಷ್ಟು ಬಿಟ್ಟೆ, ಮುಂದಿನ ಚಕ್ರ ಹಲ್ಲು ಕಚ್ಚಿತು, ಹಿಂದಿನದು ಕಚ್ಚಿತು, ಜೀಪು ಅವಸರವೇ ಇಲ್ಲದೆ, ತುಂಬು ಬಸುರಿ ಮೆಟ್ಟಿಲು ಹತ್ತುವ ಹಾಗೆ, ಕೆಸರಿನಿಂದ ಎದ್ದು ದಡದ ಮೇಲೆ ನಡೆದುಬಂತು, ಹೋಯ್ ಅಂತ ಇವರು ಬಾಗಿಲ ತಗಡಿಗೆ ಬಡಿದರು, ಹೋಯ್, ಹೋಯ್, ಬೇಲಿ ಹಾರದ ಟಗರನ್ನು ಹುರಿದುಂಬಿಸುವ ಹಾಗೆ, ಭಲೇ ಕಣೆ ಅಂದರು, ನನಗೋ ಜೀಪಿಗೋ, ಕೇಳಲಿಲ್ಲ, ಏರು, ಇನ್ನೂ ಏರು, ಆಕಾಶ ಮಾತ್ರ ಕಾಣುವ ಏರು, ಆಮೇಲೆ ಗಾಜಿನ ತುಂಬ ಹುಲ್ಲು.

ಕಾವಲು. ಇಳಿಬಿಸಿಲು ಹುಲ್ಲಿನ ಮೇಲೆ ಮಲಗಿದೆ, ದೂರದಲ್ಲಿ ಮಂದೆ, ಕಪ್ಪು ಕಂದು ಬಿಳಿ, ಚೆಲ್ಲಿದ ಹಾಗೆ, ಕಂಬಳಿ ಹೊದ್ದು ಕೋಲಿಗೆ ಗದ್ದ ಊರಿ ನಿಂತವನು ಸಣ್ಣಯ್ಯ, ನಾನು ಆಫ್ ಮಾಡಿದೆ, ಹತ್ತಿಕೊಳ್ಳದಿದ್ದರೆ ಇಲ್ಲೇ ಇರೋಣ, ಅಷ್ಟು ಹೊತ್ತಿನ ಗಡಗಡ ನಿಂತ ಮೇಲೆ ಕಿವಿಯಲ್ಲಿ ಗಾಳಿ, ಗಾಳಿಯಲ್ಲಿ ಉಣ್ಣೆಯ ವಾಸನೆ, ಹಿಕ್ಕೆಯ ವಾಸನೆ, ಇವರು ಇಳಿಯಲಿಲ್ಲ, ಕಂಬಿ ಹಿಡಿದು ಕೂತಲ್ಲೇ ಮುಂದಕ್ಕೆ ಬಾಗಿದರು, ಗಂಟಲು ಸರಿಮಾಡಿಕೊಂಡರು, ಅಯ್ಯೋ ಕುರಿಗಳನ್ನು ಕರೆಯುತ್ತಾರೆ, ಕರೆಯುತ್ತಾರಾ, ಬಾಯಿ ತೆರೆದರು, ಡ್ರ್ರ್ರ್ — ಒಡೆಯಿತು, ದನಿ ಒಡೆದು ಕೆಮ್ಮಾಯಿತು, ಯಾವ ಕುರಿಯೂ ತಿರುಗಲಿಲ್ಲ, ಸಣ್ಣಯ್ಯ ತಿರುಗಿದ, ಕೈ ಹಣೆಗೆ ಅಡ್ಡ ಹಿಡಿದು, ಯಾರ್ಲಾ ಅದೂ, ಬೀರಲಿಂಗಣ್ಣಾ, ನೀನೇನಣ್ಣಾ ಅಂತ ಕೂಗಿದ, ಕೋಲು ಬಿಸಾಕಿ ನಮ್ಮ ಕಡೆ ಓಡಿಬರುತ್ತಿದ್ದಾನೆ, ಇವರು ಅವನನ್ನು ನೋಡಲಿಲ್ಲ, ಎದೆ ತುಂಬ ಗಾಳಿ ಎಳೆದುಕೊಂಡರು, ಆ ಎದೆ ಅಷ್ಟು ದೊಡ್ಡದಾಗಿದ್ದನ್ನು ನಾನು ಮರೆತೇ ಬಿಟ್ಟಿದ್ದೆ, ಕರೆದರು, ಡ್ರ್ರ್ರ್ರ್ಯಾ, ಹಾ, ಡ್ರ್ರ್ರ್ರ್ಯಾ, ಕಾವಲಿನ ಈ ತುದಿಯಿಂದ ಆ ತುದಿಗೆ ಹೋಯಿತು ದನಿ, ಮರಿಗಳು ಬೆಚ್ಚಿ ತಾಯಿಯ ಹೊಟ್ಟೆಗೆ ಹೊಕ್ಕವು, ಅವು ಆಮೇಲೆ ಹುಟ್ಟಿದವು, ಅವಕ್ಕೇನು ಗೊತ್ತು, ದೊಡ್ಡವೂ ಮೇಯುತ್ತಲೇ ಇದ್ದವು, ಬೆನ್ನುಗಳು, ಬರೀ ಬೆನ್ನುಗಳು, ಹಾಗೇ ಇವರ ಕೈ ನನ್ನ ಮಣಿಕಟ್ಟು ಹಿಡಿಯಿತು, ಅಗೋ ಅಂದರು, ಉಸಿರಿನಲ್ಲಿ, ಎಲ್ಲಿ, ಅಗೋ — ಬೆನ್ನುಗಳ ನಡುವೆ ಒಂದು ತಲೆ, ಮುದಿ ಕುರಿ, ಬಲಗಿವಿ ಸೀಳಿದ್ದು, ಇವರ ಕೈಯಲ್ಲೇ ಬೆಳೆದದ್ದು, ತಲೆ ಎತ್ತಿದೆ, ಬಾಯಲ್ಲಿ ಹುಲ್ಲು, ಓಡಿಬರುವುದಿಲ್ಲ, ಕೂಗುವುದಿಲ್ಲ, ನೋಡುತ್ತಿದೆ, ಜೀಪನ್ನೋ, ಇವರನ್ನೋ, ಸಣ್ಣಯ್ಯ ಓಡಿಬರುತ್ತಲೇ ಇದ್ದಾನೆ, ಏನೋ ಕೂಗುತ್ತಿದ್ದಾನೆ, ನನಗೆ ಕೇಳುತ್ತಿಲ್ಲ, ನಾಳೆ ವರ್ಷಾಳಿಗೆ ಹೇಳಬೇಕು, ಏನಂತ ಹೇಳಲಿ, ಅಪ್ಪ ಹತ್ತಿದರು ಅಂತ, ಬೈದರು ಅಂತ, ಕರೆದರು ಅಂತ, ಮತ್ತೆ, ಮತ್ತೇನಿಲ್ಲ, ಒಂದು ಕುರಿ ತಲೆ ಎತ್ತಿತು, ಬಾಯಿಯ ಎರಡೂ ಕಡೆಯಿಂದ ಹುಲ್ಲು ಇಳಿಬಿದ್ದಿತ್ತು, ಬಿಸಿಲಿಗೆ ಹುಲ್ಲಿನ ತುದಿ ಹೊಳೆಯುತ್ತಿತ್ತು, ಅದು ಅಗಿಯುವುದನ್ನು ನಿಲ್ಲಿಸಿತ್ತು, ನಿಲ್ಲಿಸಿದೆ, ಇನ್ನೂ ಅಗಿಯುತ್ತಿಲ್ಲ, ತಲೆ ಎತ್ತಿದೆ, ಬಾಯಲ್ಲಿ ಹುಲ್ಲು, ಅಗಿಯುತ್ತಿಲ್ಲ